ಪಾಡುಪಟ್ಟ ಸ್ವರೂಪದ ಮುಂದೆ

ರಾಯಚೂರು, ದೇವದುರ್ಗ, ಮಾನ್ವಿಯ ನಮ್ಮ ಮನೆಗಳ ಗೋಡೆಯ ಮೇಲೆ ಪಾಡುಪಟ್ಟ ಸ್ವರೂಪವಿದೆ. ನಿತ್ಯವೂ ಅದಕ್ಕೆ ಕೈಮುಗಿಯುವ ನಾವು, ಅದು ನಿರಪರಾಧಿಯೊಬ್ಬನ ಕೊಲೆಯ ಸ್ವರೂಪವೆಂಬುದನ್ನು ಮರೆಯುತ್ತೇವೆ.

1938ರಲ್ಲಿ ಯೆಹೂದ್ಯ ಕಲಾವಿದ ಮಾರ್ಕ್ ಶಗಾಲ್ ಅದನ್ನು ಜಗತ್ತಿಗೆ ನೆನಪಿಸಿದರು. ನಾಜಿಗಳು ಯೆಹೂದ್ಯರನ್ನು ಹಿಂಸಿಸುತ್ತಿದ್ದ ಆ ವರ್ಷ ಅವರು ಬರೆದ ಶಿಲುಬೆಯ ಚಿತ್ರದಲ್ಲಿ ಕ್ರಿಸ್ತನ ಸೊಂಟಕ್ಕೆ ಯೆಹೂದ್ಯರ ಪ್ರಾರ್ಥನಾವಸ್ತ್ರವಿದೆ. ಸುತ್ತಲೂ ಉರಿಯುವ ಮನೆಗಳು, ಪ್ರಾಣಭಯದಿಂದ ಓಡುವ ಜನ. ಆ ಹಿಂಸಕರಲ್ಲಿ ಸ್ನಾನದೀಕ್ಷೆ ಪಡೆದವರು ಅನೇಕರಿದ್ದರೆಂಬುದು ನಮ್ಮನ್ನು ಚುಚ್ಚಬೇಕು.

ನಮ್ಮ ಸೀಮೆಗೂ ಇಂಥ ಗಾಯವಿದೆ. ರಾಯಚೂರು ಅಂದು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ಹಿಂದೂಗಳ ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ವೇಳೆ ಹಾಗೂ ತರುವಾಯ 27ರಿಂದ 40 ಸಾವಿರ ಮಂದಿ ಹತರಾದರೆಂದು ಪಂಡಿತ್ ಸುಂದರಲಾಲ್ ಸಮಿತಿ ಅಂದಾಜಿಸಿತು. ಅವರಲ್ಲಿ ಬಹುಪಾಲು ಮುಸಲ್ಮಾನರು. ಬಹುಕಾಲ ಆ ವರದಿ ಪೂರ್ಣವಾಗಿ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ.

ಗೋರ್ಟಾದಲ್ಲಿ ಇಂದು ಸ್ಮಾರಕವಿದೆ, ಅದು ಯೋಗ್ಯವೇ. ಆದರೆ ಒಂದು ಕಡೆಯ ಹೆಣಗಳನ್ನಷ್ಟೇ ಎಣಿಸುವ ನೆನಪು ಮುಂದಿನ ದ್ವೇಷಕ್ಕೆ ಬೀಜವಾಗುತ್ತದೆ. ಶಿಲುಬೆಯ ಹಾದಿಯಲ್ಲಿ ಮಂಡಿಯೂರುವಾಗ ನಮ್ಮ ಮಕ್ಕಳೊಡನೆ ಆ ಎರಡೂ ಕಡೆಯ ಮೃತರಿಗಾಗಿ ಪ್ರಾರ್ಥಿಸೋಣ.