ಮಕ್ಕಳ ಓದಿನ ಸಾಲ: ನಾಚಿಕೆ ಬಿಡಿ, ಲೆಕ್ಕ ಹಿಡಿಯಿರಿ



ಬೆಳೆಸಾಲದ ಮಾತು ಬಂದರೆ ನಾವು ಅರಳಿಕಟ್ಟೆಯಲ್ಲಿ ಕೂತು ಗಂಟಲು ಹರಿಯುವಂತೆ ಮಾತಾಡುತ್ತೇವೆ. ಸೊಸೈಟಿಯಲ್ಲಿ ಯಾರದ್ದು ಎಷ್ಟು ಬಾಕಿ, ಯಾರು ಸುಸ್ತಿದಾರ, ಊರಿಗೆಲ್ಲ ಗೊತ್ತು. ಆದರೆ ಮಗನ ಇಂಜಿನಿಯರಿಂಗಿಗೋ ಮಗಳ ನರ್ಸಿಂಗಿಗೋ ಮಾಡಿದ ಸಾಲದ ಮಾತು ಯಾರ ಬಾಯಿಂದಲೂ ಬರೋದಿಲ್ಲ. ಯಾಕೆ? ನಾಚಿಕೆ! ಬೆಳೆಸಾಲ ನಿಂತರೆ ಮಳೆಯನ್ನು ಬೈಯಬಹುದು. ಓದಿಸಿದ ಮಗನಿಗೆ ತಕ್ಕ ಕೆಲಸ ಸಿಗಲಿಲ್ಲ ಅಂತ ಹ್ಯಾಗೆ ಹೇಳೋದು?

ನಾನೂ ಹಾಗೆ ಬಾಯಿ ಮುಚ್ಚಿಕೊಂಡು ಕೂತವನೇ. ಮಗನ ಓದಿಗೆ 4 ಲಕ್ಷ ಸಾಲ ಮಾಡಿದೆ. ಓದು ಮುಗಿದು ವರ್ಷವಾದ ಮೇಲೆ ಬ್ಯಾಂಕಿನವರು ಕಂತು ಕೇಳಿದರು. ಬೆಂಗಳೂರಿನಲ್ಲಿ ಅವನಿಗೆ ಸಿಕ್ಕಿದ್ದು ತಿಂಗಳಿಗೆ 16 ಸಾವಿರದ ಕೆಲಸ. ಬಾಡಿಗೆ, ಊಟ, ಬಸ್ಸು ಕಳೆದರೆ ಏನು ಉಳೀತದೆ? ಆ ವರ್ಷ ಯುಗಾದಿಗೆ ಬರಲಿಲ್ಲ, ಗೌರಿಹಬ್ಬಕ್ಕೂ ಬರಲಿಲ್ಲ. ‘ರಜೆ ಇಲ್ಲ ಅಪ್ಪಾ’ ಅಂದ. ನಾನೂ ನಂಬಿದಂಗೆ ಮಾಡಿದೆ. ಮನೆಗೆ ಬಂದ ನೋಟೀಸನ್ನು ನಾನು ಅವನಿಂದ ಮುಚ್ಚಿಟ್ಟೆ. ಬ್ಯಾಂಕಿನವರ ಫೋನನ್ನು ಅವನು ನನ್ನಿಂದ ಮುಚ್ಚಿಟ್ಟ. ಕಡೆಗೆ ಅವನ ತಾಯಿ ಬಸ್ಸು ಹತ್ತಿ ಹೋಗಿ ಕರಕೊಂಡು ಬಂದಳು. ‘ನಿಮ್ಮ ಮುಖ ನೋಡೋಕೆ ಆಗ್ತಿರಲಿಲ್ಲ’ ಅಂದ. ಸಹಿ ಹಾಕಿದವನು ನಾನು, ನಾಚಿಕೆ ಅವನಿಗೆ!

ಅವತ್ತು ರಾತ್ರಿ ಮೂವರೂ ಕೂತು ಲೆಕ್ಕ ಹಾಕಿದೆವು. ನೀವೂ ಹಾಕಿ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಎತ್ತಿದ ಸಾಲ. ಬಡ್ಡಿ ಶೇಕಡ 10. ಓದುವ ಕಾಲ ಮತ್ತು ಮೇಲೊಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಐದು ವರ್ಷ ತುಂಬುವ ಹೊತ್ತಿಗೆ ಬಡ್ಡಿಯೇ 1 ಲಕ್ಷ 40 ಸಾವಿರ! ಒಟ್ಟು 5 ಲಕ್ಷ 40 ಸಾವಿರ. ಹತ್ತು ವರ್ಷಕ್ಕೆ ತೀರಿಸಬೇಕಾದರೆ ತಿಂಗಳಿಗೆ ಸುಮಾರು 7,100 ರೂಪಾಯಿ. ಮೊದಲೇ ಗೊತ್ತಿದ್ದರೆ ವರ್ಷ ವರ್ಷದ ಬಡ್ಡಿಯನ್ನಾದರೂ ಅವತ್ತವತ್ತೇ ಕಟ್ಟುತ್ತಿದ್ದೆ.

ಮಾರನೇ ದಿನ ಅಪ್ಪ ಮಗ ಇಬ್ಬರೂ ಬ್ಯಾಂಕಿಗೆ ಹೋದೆವು. ಅವಧಿ 15 ವರ್ಷಕ್ಕೆ ಏರಿಸಿಕೊಟ್ಟರು, ಕಂತು 5,800ಕ್ಕೆ ಇಳಿಯಿತು. ಒಟ್ಟು ಬಡ್ಡಿ ಇನ್ನೂ ಎರಡು ಲಕ್ಷದ ಹತ್ತಿರ ಹೆಚ್ಚಾಗುತ್ತದೆ, ನಿಜ. ಬೆಳೆ ಕೈಗೆ ಬಂದ ವರ್ಷ ಹೆಚ್ಚು ಕಟ್ಟಿ ಇಳಿಸಿಕೊಳ್ಳಬಹುದು. ಆದರೆ ಸುಸ್ತಿಯಾಗುವ ಮೊದಲೇ ಹೋಗಿ. ಈ ಸಾಲದಲ್ಲಿ ತಂದೆಯೂ ಜಂಟಿ ಸಾಲಗಾರ. ಮಗ ಸುಸ್ತಿಯಾದರೆ ನಿಮ್ಮ ಸಿಬಿಲ್ ಲೆಕ್ಕವೂ ಕೆಡುತ್ತದೆ, ನಾಳೆ ಟ್ರಾಕ್ಟರ್ ಸಾಲಕ್ಕೆ ಹೋದರೆ ಅದನ್ನೇ ತೆಗೆದು ತೋರಿಸುತ್ತಾರೆ.

ಹೆದರಿಸುವವರಿಗೆ ಹೆದರಬೇಡಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಕೂಡದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಕಿರುಕುಳ ಕೊಟ್ಟರೆ ಮೊದಲು ಬ್ಯಾಂಕಿಗೆ ಬರೆದುಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಒಂದು ಕಾಸೂ ಖರ್ಚಿಲ್ಲ. ಕೋರ್ಟಿಗೆ ಹೋಗದೆ ಬ್ಯಾಂಕೇ ಆಸ್ತಿ ಹರಾಜು ಹಾಕಲು ಬಿಡುವ 2002ರ ಸರ್ಫೇಸಿ ಕಾಯ್ದೆ ಬೇಸಾಯದ ಜಮೀನಿಗೆ ಅನ್ವಯಿಸುವುದಿಲ್ಲ. ಆದರೆ ಅಡ ಇಟ್ಟ ಮನೆಗೆ ಆ ರಕ್ಷಣೆ ಇಲ್ಲ, ನೆನಪಿರಲಿ.

ಇನ್ನು ಸರ್ಕಾರದ ಮಾತು. ವರ್ಷದ ಆದಾಯ 4.5 ಲಕ್ಷದೊಳಗಿನ ಮನೆಯ ಮಕ್ಕಳಿಗೆ ಈ ಕಂತಿಲ್ಲದ ಕಾಲದ ಬಡ್ಡಿಯನ್ನು ತಾನೇ ಕಟ್ಟುವ ಯೋಜನೆಯನ್ನು ಕೇಂದ್ರ 2009ರಲ್ಲಿ ತಂದಿತು. ವೃತ್ತಿಪರ ಕೋರ್ಸಾಗಿರಬೇಕು, ಕಾಲೇಜಿಗೆ ಮಾನ್ಯತೆ ಇರಬೇಕು. ಸಾಲ ಎತ್ತುವಾಗಲೇ ನಾಡಕಚೇರಿಯಿಂದ ಆದಾಯ ಪತ್ರ ತಂದು ಕೇಳಿ. ನಾನು ಕೇಳಲಿಲ್ಲ, ಕಳೆದುಕೊಂಡೆ. ಆದರೆ ಅಂದಿನ 4.5 ಲಕ್ಷ ಇಂದಿಗೂ 4.5 ಲಕ್ಷವೇ! ಕಾಲೇಜು ಫೀಸು ಅಲ್ಲೇ ನಿಂತಿದೆಯೇ? 2008ರ ಕೇಂದ್ರದ ಸಾಲಮನ್ನಾ, 2018ರ ರಾಜ್ಯದ ಸಾಲಮನ್ನಾ, ಎರಡರಲ್ಲೂ ಓದಿನ ಸಾಲ ಸೇರಲಿಲ್ಲ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಆದೇಶವಿದೆ. ಆ ಹಣ ತಡವಾದರೆ ಕೇಳುವವರಿಲ್ಲ, ಫೀಸು ತಡವಾದರೆ ಮಗಳು ಪರೀಕ್ಷೆಗೆ ಕೂರುವಂತಿಲ್ಲ. ಬೆಲೆ ಸಿಕ್ಕಿದ್ದರೆ ಸಾಲ ಯಾಕೆ ಬೇಕಿತ್ತು? ಕೆಲಸ ಸಿಗುವವರೆಗೆ ಬಡ್ಡಿ ಬೇಡ, ಆದಾಯದ ಮಿತಿ ಏರಿಸಿ ಎಂದು ನಾವು ಕೇಳಲೇಬೇಕು.

ಕಡೆಯದಾಗಿ ಒಂದು ಮಾತು. ‘ನಿನಗೋಸ್ಕರ ಸಾಲ ಮಾಡಿದೆ’ ಅಂತ ಮಕ್ಕಳ ಮುಖಕ್ಕೆ ಹೇಳಬೇಡಿ. ಅವರಿಗೆ ಅದು ಗೊತ್ತು, ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತು. ಮಗ ಹಬ್ಬಕ್ಕೆ ಬಾರದಿದ್ದರೆ ನೀವೇ ಬಸ್ಸು ಹತ್ತಿ. ಮಂಕಾಗಿ ಕೂತಿದ್ದರೆ 14416ಕ್ಕೆ ಫೋನು ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸೇವೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಲ 15 ವರ್ಷಕ್ಕೆ ತೀರುತ್ತದೆ. ಹೋದ ಮಗ ಬರುವುದಿಲ್ಲ.