ಅವ್ವನ ಔಷಧ ಚೀಟಿಗೆ ಕನ್ನಡ ಯಾಕೆ ಬರುವುದಿಲ್ಲ?

ಎಸ್.ಒ.ಎಸ್. ಎಂದರೇನು? ಕನ್ನಡದ ಯುವಕರೇ, ಯುವತಿಯರೇ, ಡಿಗ್ರಿ ಓದಿದವರೇ, ಹೇಳಿ ನೋಡೋಣ! ಬೈರಿದೇವರಕೊಪ್ಪದಲ್ಲಿ ಪ್ರೆಸ್ಸು ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಅಕ್ಷರವನ್ನೇ ಉಂಡು ಬದುಕಿರುವ ನನಗೂ ಗೊತ್ತಿರಲಿಲ್ಲ. ಅದಕ್ಕೆ ಬೆಲೆ ತೆತ್ತವಳು ನನ್ನ ಅವ್ವ.

ಅವ್ವನಿಗೆ ಮರೆವಿನ ಕಾಯಿಲೆ. ಡಾಕ್ಟರು ಅದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಓಣಿಯ ಮಂದಿ ಅರವತ್ತಕ್ಕೆ ಅರಳು ಮರಳು ಎಂದು ನಕ್ಕು ಮುಂದೆ ಹೋಗುತ್ತಾರೆ. ನಡುರಾತ್ರಿ ಎದ್ದು "ತವರಮನಿಗೆ ಹೊಕ್ಕೇನಿ, ಬಾಗಲಾ ತಗೀರಿ" ಎಂದು ಗದ್ದಲ ಮಾಡತೊಡಗಿದಾಗ ಆಸ್ಪತ್ರೆಯೊಂದಕ್ಕೆ ತೋರಿಸಿದೆವು. ಚೀಟಿಯಲ್ಲಿ ಮೂರು ಗುಳಿಗೆ. ಮೂರನೆಯದರ ಮುಂದೆ ಎಸ್.ಒ.ಎಸ್. ರಾತ್ರಿ ಕೊಡುವುದಿರಬೇಕು ಎಂದುಕೊಂಡು ನನ್ನ ಹೆಂಡತಿ ತಪ್ಪದೆ ಕೊಟ್ಟಳು. ಒಂಬತ್ತನೆಯ ದಿನ ನಸುಕಿನಲ್ಲಿ ಅವ್ವ ತೂಕಡಿಸುತ್ತಲೇ ಬಚ್ಚಲಿಗೆ ಹೋಗಿ ಬಿದ್ದಳು. ಸೊಂಟದ ಎಲುಬು ಮುರಿಯಿತು.

ಆಮೇಲೆ ಔಷಧ ಅಂಗಡಿಯ ಹುಡುಗ ಹೇಳಿದ: "ಅಣ್ಣಾರ, ಅದು ದಿನಾ ಕೊಡೋದಲ್ರೀ. ಭಾಳ ಗದ್ದಲಾ ಮಾಡಿದ್ರ ಅಷ್ಟ ಕೊಡೋದು."

'ಬೇಕಾದಾಗ ಮಾತ್ರ.' ಇದಿಷ್ಟನ್ನು ಬರೆಯಲು ಎಷ್ಟು ಮಸಿ ಬೇಕಿತ್ತು ಸ್ವಾಮಿ?

ಇಂಗ್ಲಿಷ್ ಇಲ್ಲದೆ ವೈದ್ಯಕೀಯ ಇಲ್ಲ ಎನ್ನುವ ಪಂಡಿತರಿಗೆ ಒಂದು ಮಾತು. ಈ ಅಕ್ಷರಗಳು ಇಂಗ್ಲಿಷೂ ಅಲ್ಲ, ಲ್ಯಾಟಿನ್! ಬಿ.ಡಿ. ಅಂದರೆ ದಿನಕ್ಕೆ ಎರಡು ಸಲ. ಟಿ.ಡಿ.ಎಸ್. ಅಂದರೆ ಮೂರು ಸಲ. ಎಚ್.ಎಸ್. ಅಂದರೆ ಮಲಗುವಾಗ. ಎ.ಸಿ. ಊಟಕ್ಕೆ ಮೊದಲು, ಪಿ.ಸಿ. ಊಟದ ನಂತರ. ಒ.ಡಿ. ಅಂದರೆ ನಮ್ಮಲ್ಲಿ ದಿನಕ್ಕೊಮ್ಮೆ. ಕಣ್ಣಿನ ಡಾಕ್ಟರರ ಚೀಟಿಯಲ್ಲಿ ಅದೇ ಒ.ಡಿ. ಬಲಗಣ್ಣು! ಇಂದು ಯಾವ ಮನೆಯ ಮಾತೂ ಅಲ್ಲದ ಭಾಷೆಗೆ ನಮ್ಮ ಚೀಟಿಯಲ್ಲಿ ಜಾಗವಿದೆ, ಕೋಟಿ ಕೋಟಿ ಜನ ಆಡುವ ಕನ್ನಡಕ್ಕಿಲ್ಲ. ಇಂಗ್ಲಿಷಿನ ದೊಡ್ಡ ದೇಶ ಅಮೆರಿಕದಲ್ಲೇ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ 2004ರಲ್ಲಿ ಇಂಥ ಕೆಲವು ಅಕ್ಷರಗಳನ್ನು ಬಳಸಬೇಡಿ ಎಂದು ಪಟ್ಟಿ ಮಾಡಿತು. ದಿನಕ್ಕೊಮ್ಮೆ ಎನ್ನಲು ಬರೆಯುವ ಕ್ಯು.ಡಿ., ದಿನ ಬಿಟ್ಟು ದಿನ ಎನ್ನಲು ಬರೆಯುವ ಕ್ಯು.ಒ.ಡಿ. ಒಂದಕ್ಕೊಂದು ಗೊಂದಲವಾಗಿ ರೋಗಿಗೆ ಅಪಾಯ ಎಂಬುದೇ ಕಾರಣ. ಪೂರ್ತಿ ಬರೆಯಿರಿ ಎಂದು ಅವರೇ ಹೇಳುತ್ತಿರುವಾಗ ನಮಗೇನು ಧಾಡಿ?

ಬೇರೆ ರೋಗದವನು ತನ್ನ ಗುಳಿಗೆಯನ್ನು ತಾನೇ ಕೇಳಿ ನೆನಪಿಟ್ಟುಕೊಂಡಾನು. ಮರೆವಿನ ರೋಗಿ ಹೇಗೆ ನೆನಪಿಟ್ಟುಕೊಳ್ಳಬೇಕು? ಇಲ್ಲಿ ಚೀಟಿ ಓದುವವರು ಸೊಸೆ, ಮಗಳು, ಮೊಮ್ಮಗ, ಕೆಲಸದಾಕೆ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಅಷ್ಟೂ ಮನೆಗಳಲ್ಲಿ ಚೀಟಿ ಓದುವವರು ಇನ್ನೊಬ್ಬರು!

ರಿಪೋರ್ಟಿನ ಕಥೆ ಇನ್ನೂ ದೊಡ್ಡದು. ಎ.ಡಿ. ಎಂದಿದ್ದರೆ ಅದು ಕ್ರಿಸ್ತಶಕವಲ್ಲ, ಅಲ್ಝೈಮರ್ ಕಾಯಿಲೆ. ಎಂ.ಸಿ.ಐ. ಅಂದರೆ ನೆನಪು ಸ್ವಲ್ಪ ಕುಂದಿದೆ, ಇನ್ನೂ ಡಿಮೆನ್ಷಿಯಾ ಆಗಿಲ್ಲ. ಎಂ.ಎಂ.ಎಸ್.ಇ. ಅಂದರೆ 30 ಅಂಕದ ನೆನಪಿನ ಪರೀಕ್ಷೆ. ಎ.ಡಿ.ಎಲ್. ಅಂದರೆ ಸ್ನಾನ, ಊಟ, ಬಟ್ಟೆ ಉಡುವಂಥ ನಿತ್ಯದ ಕೆಲಸ. ಬಿ.ಪಿ.ಎಸ್.ಡಿ. ಅಂದರೆ ಈ ರೋಗದಿಂದಲೇ ಬರುವ ಸಂಶಯ, ಸಿಟ್ಟು, ಚೀರಾಟ, ಅಲೆದಾಟ.

ಈ ಕೊನೆಯದನ್ನು ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ! "ನನ್ನ ಬೋರಮಾಳ ಕದ್ದಾಳ" ಎಂದು ಅವ್ವ ಸೊಸೆಯನ್ನು ಬೈದಾಗ ನನ್ನ ಹೆಂಡತಿ ಎಷ್ಟು ರಾತ್ರಿ ಅತ್ತಿದ್ದಾಳೋ. ಅದು ಅತ್ತೆಯ ದ್ವೇಷವಲ್ಲ, ರೋಗದ ಲಕ್ಷಣ ಎಂಬ ಮಾತು ನಾಲ್ಕು ಇಂಗ್ಲಿಷ್ ಅಕ್ಷರದೊಳಗೆ ಕೂತಿತ್ತು. ಕನ್ನಡದಲ್ಲಿ ಒಂದು ಸಾಲು ಇದ್ದಿದ್ದರೆ ಮನೆಗೆ ನೆಮ್ಮದಿ ಇರುತ್ತಿತ್ತು.

ಬೋರ್ಡುಗಳಲ್ಲಿ ಶೇಕಡ 60 ಕನ್ನಡ ಇರಬೇಕೆಂದು 2024ರಲ್ಲಿ ನಮ್ಮ ಶಾಸನಸಭೆ ತಿದ್ದುಪಡಿ ಪಾಸು ಮಾಡಿತು. ಸಂತೋಷ. ಹೊರಗೆ ಬೋರ್ಡು ಕನ್ನಡ, ಒಳಗೆ ಚೀಟಿ ಲ್ಯಾಟಿನ್! ಅದೇ ವರ್ಷ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಕನ್ನಡದಲ್ಲಿ ಔಷಧ ಚೀಟಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಆ ಮಾತಿನ ಬೆನ್ನಿಗೆ ನಿಲ್ಲಬೇಕಾದವರು ನಾವು.

ಗೆಳೆಯರಲ್ಲಿ ಕೆಲವರು ಸಿಟ್ಟಾದರೂ ಒಂದು ಮಾತು ಹೇಳುತ್ತೇನೆ. ಔಷಧದ ಹೆಸರು ಇಂಗ್ಲಿಷಿನಲ್ಲೇ ಇರಲಿ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಬೇರೆ ಗುಳಿಗೆ ಬಂದೀತು. ಆದರೆ ಯಾವಾಗ, ಎಷ್ಟು, ಯಾಕೆ, ಎಷ್ಟು ದಿನ, ಈ ನಾಲ್ಕು ಕನ್ನಡದಲ್ಲಿ ಇರಲೇಬೇಕು. ಇದರಲ್ಲಿ ರಾಜಿ ಇಲ್ಲ.

ಡಾಕ್ಟರಿಗೆ ಪುರುಸೊತ್ತಿಲ್ಲವೇ? ಅದಕ್ಕೆ ಮುದ್ರಣವಿದೆ. ತಪ್ಪು ನನ್ನದೂ ಇದೆ. ಎಷ್ಟೋ ಡಾಕ್ಟರರ ಚೀಟಿಗಳನ್ನು ಒಂದೇ ಒಂದು ಕನ್ನಡ ಅಕ್ಷರವಿಲ್ಲದೆ ಅಚ್ಚು ಹಾಕಿ ದುಡ್ಡು ಎಣಿಸಿಕೊಂಡವನು ನಾನು. ಈಗ ಚೀಟಿಯ ಆರ್ಡರು ಬಂದರೆ 'ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಬೇಕಾದಾಗ ಮಾತ್ರ' ಎಂಬ ನಾಲ್ಕು ಮನೆಗಳನ್ನು ಕನ್ನಡದಲ್ಲಿ ಹಾಕಿಯೇ ಪ್ರೂಫ್ ತೋರಿಸುತ್ತೇನೆ. ಡಾಕ್ಟರು ಗುರುತು ಹಾಕಿದರೆ ಸಾಕು. ಇದಕ್ಕೆ ಹೆಚ್ಚಿನ ಕಾಸಿಲ್ಲ. ಬೇಡ ಎಂದವರೂ ಇದ್ದಾರೆ, ಹೌದಲ್ಲ ಎಂದವರೂ ಇದ್ದಾರೆ.

ಯುವಕರೇ, ಇದಕ್ಕೆ ಬಂದ್ ಬೇಡ, ಕಲ್ಲು ಬೇಡ. ನಿಮ್ಮ ಅಜ್ಜಿಯ ಜೊತೆ ಆಸ್ಪತ್ರೆಗೆ ಹೋಗಿ. "ಡಾಕ್ಟರ್ ಸಾಹೇಬ್ರ, ಕನ್ನಡದಾಗ ಬರದು ಕೊಡ್ರಿ" ಎಂದು ಕೈಮುಗಿದು ಕೇಳಿ. ಕೊಡದಿದ್ದರೆ ಔಷಧ ಅಂಗಡಿಯಲ್ಲಿ ನಿಂತು ಪ್ರತಿ ಗುಳಿಗೆಯ ಹಾಳೆಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. 1982ರಲ್ಲಿ ಗೋಕಾಕ್ ವರದಿಗಾಗಿ ನಮ್ಮ ಅಪ್ಪಂದಿರು ಬೀದಿಗಿಳಿದ ಊರು ಇದು. ಆವತ್ತು ಶಾಲೆಗೆ ಕನ್ನಡ ಕೇಳಿದೆವು, ಇವತ್ತು ಹಾಸಿಗೆ ಹಿಡಿದವರಿಗಾಗಿ ಕೇಳೋಣ.

ಅವ್ವ ಈಗ ನನ್ನ ಹೆಸರು ಮರೆತಿದ್ದಾಳೆ. "ಅವ್ವಾ, ಊಟ ಮಾಡ್ತೀಯೇನು?" ಎಂದರೆ ಮಾತ್ರ ಕಣ್ಣೆತ್ತಿ ನೋಡುತ್ತಾಳೆ. ಅವಳಲ್ಲಿ ಉಳಿದಿರುವುದು ಕನ್ನಡ ಒಂದೇ. ಅವಳ ಚೀಟಿಯಲ್ಲೂ ಅದು ಇರಲಿ.

ಸಿರಿಗನ್ನಡಂ ಗೆಲ್ಗೆ!