ಕೊಂಬೆ ಸವರುವವನ ಹೊರೆಯೂ ಕಸದ ಕಾನೂನೂ

ಕಸ ಸಾಗಿಸುವ ಕಸಬಿಗೆ ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಬರಿಯ ನೋಂದಣಿಯೊಂದೇ ಸಾಕಾಗಿತ್ತು. ಅದನ್ನು ತೆಗೆದುಹಾಕಿ, ಅರ್ಜಿದಾರನ ಯೋಗ್ಯತೆಯನ್ನೂ ಪೂರ್ವವೃತ್ತಾಂತವನ್ನೂ ಪರಿಶೀಲಿಸಿ ಕೊಡುವ ಪರವಾನಗಿಯನ್ನು ಅದರ ಸ್ಥಾನದಲ್ಲಿ ನೆಲೆಗೊಳಿಸಬೇಕೆಂಬ ಪ್ರಸ್ತಾವವು 2022ರ ಜನವರಿಯಲ್ಲಿ ಜನರ ಮುಂದೆ ಬಂದು, 2023ರ ಅಕ್ಟೋಬರಿನಲ್ಲಿ ಸರ್ಕಾರದ ಉತ್ತರವನ್ನು ಪಡೆದು, 2025ರ ಏಪ್ರಿಲಿನಲ್ಲಿ, ಅಕ್ರಮವಾಗಿ ಕಸ ಸಾಗಿಸುವವರನ್ನು ಐದು ವರ್ಷಗಳವರೆಗೆ ಸೆರೆಮನೆಗೆ ಕಳುಹಿಸುವೆವೆಂಬ ಘೋಷಣೆಯೊಡನೆ ಮತ್ತೆ ತಲೆಯೆತ್ತಿತು. ಉದ್ದೇಶ ಸಾಧುವಾದುದು, ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಮರವೇರಿ ಕೊಂಬೆ ಸವರಿ ಜೀವಿಸುವ ಟ್ರೀ ಸರ್ಜನ್ನರೆಂಬ ಸಣ್ಣ ಕಸಬುದಾರರ ಮೇಲೆ ಈ ಪದ್ಧತಿಯ ಭಾರ ಎಂತು ಬೀಳುತ್ತದೆಂಬುದನ್ನು ನೋಡಿದಾಗ, ಶಾಸನಕಾರರ ದೃಷ್ಟಿ ನಿಲ್ಲಬೇಕಾದೆಡೆಯಲ್ಲಿ ನಿಂತಿಲ್ಲವೆಂದು ನಿಷ್ಠುರವಾಗಿ ಹೇಳದೆ ಗತ್ಯಂತರವಿಲ್ಲ. ಹೊರೆ ಹೊರುವವನ ಹೆಸರನ್ನು ಬರೆದುಕೊಳ್ಳುವುದರಲ್ಲಿ ಕಾನೂನು ತನ್ನ ಶಕ್ತಿಯನ್ನೆಲ್ಲ ವ್ಯಯಿಸುತ್ತಿದೆ. ಆ ಹೊರೆ ಎಲ್ಲಿ ಇಳಿಯಿತೆಂದು ಕೇಳುವುದನ್ನು ಮರೆತಿದೆ.

ನೋಂದಣಿಯ ಕಟ್ಟಳೆ 1989ರ ಕಾಯಿದೆಯಿಂದ ಮೊದಲಾಯಿತು. ಇಂದು ನಡೆಯುತ್ತಿರುವ ಎರಡು ಹಂತಗಳ ವ್ಯವಸ್ಥೆ 2011ರ ನಿಯಮಗಳದು. ತಾನೇ ಉತ್ಪಾದಿಸಿದ ಕಸವನ್ನು ಮಾತ್ರ ಸಾಗಿಸುವವನು ಕೆಳಹಂತದವನು. ಅವನು ಶುಲ್ಕ ಕೊಡಬೇಕಾಗಿಲ್ಲ, ನವೀಕರಿಸಬೇಕಾಗಿಯೂ ಇಲ್ಲ. ಪರರ ಕಸವನ್ನಾಗಲಿ, ಕಟ್ಟಡ ಕಟ್ಟಿದ ಅಥವಾ ಕೆಡವಿದ ಕಸವನ್ನಾಗಲಿ ಸಾಗಿಸುವವನು ಮೇಲ್ಹಂತದವನು; 150 ಪೌಂಡಿಗೂ ಮೀರಿದ ಶುಲ್ಕ ತೆತ್ತು, ಮೂರು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳತಕ್ಕವನು.

ಈ ವಿಭಾಗವು ಕಾಗದದ ಮೇಲೆ ಎಷ್ಟು ಸ್ಪಷ್ಟವೋ ಒಬ್ಬ ಗೃಹಸ್ಥನ ಹಿತ್ತಲಿನಲ್ಲಿ ಅಷ್ಟೇ ಗೋಜಲು. 2012ರಲ್ಲಿ ಆ ದೇಶದಲ್ಲಿ ಪತ್ತೆಯಾದ ಶಿಲೀಂಧ್ರರೋಗದಿಂದ ಆ್ಯಶ್ ಮರಗಳು ಊರೂರುಗಳಲ್ಲಿ ಒಣಗುತ್ತಿರುವ ಈ ಕಾಲದಲ್ಲಿ, ಮೂವರು ಆಳುಗಳ ಒಂದು ತಂಡವು ಅಂಥದೊಂದು ಮರವನ್ನು ತುದಿಯಿಂದ ಬುಡದವರೆಗೆ ತುಂಡುತುಂಡಾಗಿ ಇಳಿಸಿ, ಕೊಂಬೆರೆಂಬೆಗಳನ್ನು ಚಿಪ್ಪರ್ ಯಂತ್ರಕ್ಕೆ ಕೊಟ್ಟು, ಚಕ್ಕೆಯನ್ನು ವ್ಯಾನಿನಲ್ಲಿ ತುಂಬಿಕೊಂಡಿತೆನ್ನಿ. ಆ ಚಕ್ಕೆಯಲ್ಲಿ ಒಂದು ಪಾಲನ್ನು ಮನೆಯೊಡೆಯನು ತನ್ನ ಹೂವಿನ ಪಾತಿಗೆ ಮುಚ್ಚಿಗೆಯಾಗಿ ಇರಿಸಿಕೊಂಡರೆ ಅದು ಕಸವೇ ಅಲ್ಲ. ಉಳಿದುದನ್ನು ಬೇಡವೆಂದು ಹೊರಗೆ ಸಾಗಿಸಿದೊಡನೆ ಅದು ಕಸ, ಆದರೆ ತಂಡವೇ ಉತ್ಪಾದಿಸಿದ್ದಾದಕಾರಣ ಕೆಳಹಂತದ ಕಸ. ಅಷ್ಟರಲ್ಲಿ ಮನೆಯೊಡೆಯನು, ಹಿಂದಿನ ವಾರ ತಾನೇ ಕತ್ತರಿಸಿ ಮೂಲೆಯಲ್ಲಿ ಒಟ್ಟಿದ್ದ ಬೇಲಿಗಿಡದ ಸೊಪ್ಪನ್ನು ತೋರಿಸಿ, ‘ಇದನ್ನೂ ಒಯ್ದುಬಿಡಿ’ ಎಂದು ಕೇಳಿಕೊಂಡನೆಂದರೆ, ಅದು ಪರರ ಕಸ. ಬುಡದ ಪಕ್ಕದ ಹಳೆಯ ಗುಡಿಸಲನ್ನು ಕೆಡವಿ ಅದರ ಹಲಗೆಗಳನ್ನು ಹೇರಿದರಂತೂ ಕಟ್ಟಡದ ಕಸ. ಸೌಜನ್ಯಕ್ಕಾಗಿ ಎತ್ತಿಹಾಕಿಕೊಂಡ ಒಂದು ಹೊರೆ ಸೊಪ್ಪಿನಿಂದ ಪ್ರಾಮಾಣಿಕ ಕಸಬುದಾರನೊಬ್ಬನು ಅಪರಾಧಿಯಾಗುವನು. ಅದೇ ಮರದ ಸೊಪ್ಪು ಅದೇ ಅಂಗಳದಿಂದ ಹೊರಟು ಅದೇ ಗೊಬ್ಬರದ ಅಂಗಳವನ್ನು ಸೇರುವುದಾದರೂ, ಕತ್ತರಿಸಿದ ಕೈ ಯಾರದೆಂಬುದರ ಮೇಲೆ ಶುಲ್ಕವೂ ಶಿಕ್ಷೆಯೂ ನಿರ್ಣಯವಾಗುವುದು ನ್ಯಾಯವೆಂದು ನನಗೆ ತೋರದು.

ಇತ್ತ ಈ ಕಟ್ಟುನಿಟ್ಟು ನಿಜವಾದ ದ್ರೋಹಿಯನ್ನು ತಡೆದಿದೆಯೇ? 2023-24ರ ಒಂದೇ ವರ್ಷದಲ್ಲಿ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ದಾಖಲಿಸಿದ ಕಸ ಸುರಿದ ಪ್ರಕರಣಗಳು ಸುಮಾರು 11.5 ಲಕ್ಷ, ಅವುಗಳಲ್ಲಿ ಐದರಲ್ಲಿ ಮೂರು ಪಾಲು ಮನೆಗಳ ಕಸ. ನೋಂದಣಿ ಎಷ್ಟು ಟೊಳ್ಳೆಂಬುದನ್ನು ಲೋಕಕ್ಕೆ ತೋರಿಸಲೆಂದೇ ಪರಿಸರ ಸಲಹಾ ಸಂಸ್ಥೆಯೊಂದರವರು ಸತ್ತ ನಾಯಿಯೊಂದರ ಹೆಸರಿನಲ್ಲಿ ಅದನ್ನು ಪಡೆದರು. ಸತ್ತ ನಾಯಿಗೂ ದೊರೆಯಬಹುದಾದ ಅಂಕೆಯನ್ನು ವ್ಯಾನಿನ ಬಾಗಿಲ ಮೇಲೆ ಬರೆಸಿಕೊಂಡವನು ರಾತ್ರೋರಾತ್ರಿ ರೈತನ ಹೊಲದ ಓಣಿಯಲ್ಲಿ ಹೊರೆ ಸುರಿದು ಹೋದರೆ, ಅದನ್ನು ತೆಗೆಸುವ ವೆಚ್ಚವೆಲ್ಲ ಆ ರೈತನದೇ; ಖಾಸಗಿ ನೆಲದ ಕಸಕ್ಕೆ ನೆಲದೊಡೆಯನೇ ಹೊಣೆಯೆಂಬುದು ಅಲ್ಲಿಯ ರೂಢಿ. ಇದು ಘೋರವಾದ ಅನ್ಯಾಯ. ಹಂತಗಳ ಕೂದಲು ಸೀಳುವ ಶ್ರಮದಲ್ಲಿ ಒಂದಂಶವನ್ನು ಈ ಓಣಿಗಳ ಕಾವಲಿಗೆ ಮೀಸಲಿಟ್ಟಿದ್ದರೂ ಎಷ್ಟೋ ರೈತರ ಹಣ ಉಳಿಯುತ್ತಿತ್ತು.

ಮರ ಸವರುವವರಲ್ಲಿಯೂ ಕಳ್ಳರಿದ್ದಾರೆ, ಹಸಿರು ಕಸವೆಲ್ಲ ನಿರಪಾಯವಲ್ಲ ಎಂದು ಪ್ರತಿವಾದಿಗಳು ಹೇಳುವುದು ನಿಜ. ಜಪಾನೀ ನಾಟ್‌ವೀಡಿನ ಬೇರಿನ ತುಣುಕೊಂದು ಚಕ್ಕೆಯ ರಾಶಿಯಲ್ಲಿ ಸೇರಿಹೋದರೆ ಮತ್ತೊಂದು ತೋಟವೇ ಕೆಡುತ್ತದೆ. ಓಕ್ ಮರದ ಎಲೆ ತಿನ್ನುವ ಪತಂಗದ ಹುಳುಗಳಿರುವ ಕೊಂಬೆಯನ್ನು ಎಲ್ಲೆಂದರಲ್ಲಿ ಒಯ್ಯುವಂತಿಲ್ಲ. ಆದುದರಿಂದಲೇ ನಾನು ಈ ಕಸಬಿಗೆ ಸಂಪೂರ್ಣ ವಿನಾಯಿತಿಯನ್ನು ಬೇಡುತ್ತಿಲ್ಲ. ನಾಟ್‌ವೀಡನ್ನು ಗುರುತಿಸಬಲ್ಲನೇ, ಹುಳುಬಿದ್ದ ಓಕನ್ನು ಬೇರೆಯಾಗಿ ಕಟ್ಟಬಲ್ಲನೇ ಎಂದು ಪರೀಕ್ಷಿಸಿ ಪರವಾನಗಿ ಕೊಡಲಿ. ಆ ವಿದ್ಯೆಯುಳ್ಳವನಿಗೆ, ಮರಗಿಡಗಳ ಶುದ್ಧ ಹೊರೆಯನ್ನು, ಯಾರು ಕತ್ತರಿಸಿದ್ದಾದರೂ, ಒಂದೇ ಹಂತದಲ್ಲಿ, ಅಲ್ಪ ಶುಲ್ಕದಲ್ಲಿ ಸಾಗಿಸಲು ಅನುಮತಿಯಿರಲಿ.

ಇನ್ನು ಕಾಗದದ ಮಾತು. ಕಸವನ್ನು ಕೈಬದಲಿಸುವಾಗ ಬರೆಯತಕ್ಕ ಚೀಟಿಯಲ್ಲಿ ತೋಟದ ಹಸಿರು ಕಸಕ್ಕೆ 20 02 01 ಎಂಬ ಸಂಕೇತವನ್ನು ನಮೂದಿಸಿ, ಆ ಚೀಟಿಯನ್ನು ಎರಡು ವರ್ಷ ಕಾಪಾಡಬೇಕೆಂಬ ವಿಧಿ ಈಗಲೂ ಇದೆ. ಪೆಟ್ಟಿಗೆಯಲ್ಲಿ ಕೊಳೆಯುತ್ತಿರುವ ಈ ಚೀಟಿಗಳನ್ನು ಗೊಬ್ಬರದ ಅಂಗಳಗಳ ಲೆಕ್ಕದೊಡನೆ ತಾಳೆನೋಡುವವರನ್ನು ಮೊದಲು ನೇಮಿಸಬೇಕು. ಹೊರಟ ಹೊರೆಗೂ ಸೇರಿದ ಹೊರೆಗೂ ಅಂತರ ಕಂಡುಬಂದಲ್ಲಿ, ಐದು ವರ್ಷದ ಸೆರೆವಾಸವೇಕೆ, ವ್ಯಾನನ್ನೂ ಮುಟ್ಟುಗೋಲು ಹಾಕಿಕೊಳ್ಳಲಿ. ನಾನು ಅದನ್ನು ವಿರೋಧಿಸೆನು.

ಲಂಡನ್ನಿನಲ್ಲಿಯೂ ರೆಡಿಂಗಿನಲ್ಲಿಯೂ ಹಿತ್ತಲುಳ್ಳ ಮನೆಗಳನ್ನು ಮಾಡಿಕೊಂಡು ನೆಲಸಿರುವ ಕನ್ನಡಿಗರಿಗೂ ಈ ಚರ್ಚೆ ದೂರದ್ದಲ್ಲ. ಅನಧಿಕೃತನ ಕೈಗೆ ಕಸ ಕೊಟ್ಟ ಗೃಹಸ್ಥನಿಗೆ ಸ್ಥಳೀಯ ಸಂಸ್ಥೆ 600 ಪೌಂಡುಗಳವರೆಗೆ ದಂಡ ವಿಧಿಸಬಹುದಾದದ್ದರಿಂದ, ಅಗ್ಗದ ದರ ಹೇಳಿ ಬಾಗಿಲು ತಟ್ಟುವವನ ನೋಂದಣಿಯನ್ನು ಸಾರ್ವಜನಿಕ ಪಟ್ಟಿಯಲ್ಲಿ ನೋಡಿ, ‘ಈ ಹೊರೆ ಯಾವ ಅಂಗಳಕ್ಕೆ ಹೋಗುತ್ತದೆ?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಅವರ ಕರ್ತವ್ಯ. ಹೊಸ ಪರವಾನಗಿಯ ಶುಲ್ಕದಿಂದ ಸರ್ಕಾರಕ್ಕೆ ಬರುವ ಹಣದಲ್ಲಿ ಮೊದಲ ಪಾಲು, ಪರರು ಸುರಿದ ಕಸವನ್ನು ತನ್ನ ಗಂಟಿನಿಂದ ತೆಗೆಸಬೇಕಾಗಿ ಬಂದ ರೈತನಿಗೆ ಸಲ್ಲಬೇಕೆಂಬುದನ್ನೂ ನಿಯಮದಲ್ಲಿಯೇ ಬರೆಯತಕ್ಕದ್ದು.